ಗುಂಪಿನಲ್ಲೇ ಕೇಳು ಮಾರಾಯ್ತಿ

ಗುರುವಾರ, 14 ಆಗಸ್ಟ್ 2025

ನಾಳೆ ರಜೆ. ಬೇಗ ಮಲಗೋಣ ಅಂದುಕೊಳ್ಳುವಷ್ಟರಲ್ಲಿ ನಮ್ಮ ಓಪನ್ ಸೋರ್ಸ್ ಗುಂಪಿನಲ್ಲಿ ಕನ್ನಡ ಪದಪಟ್ಟಿಯ ಕೆಲಸ ಮಾಡುವ ಹುಡುಗಿಯ ಮೆಸೇಜು ಬಂತು. "ಅಕ್ಕಾ, ಒಂದು ಡೌಟು. ಸಿಲ್ಲಿ ಅನ್ಸಿದ್ರೆ ಬೈಬೇಡಿ."

ಸಿಲ್ಲಿ ಏನೂ ಅಲ್ಲ. ನಮ್ಮ ಸ್ಪೆಲ್‌ಚೆಕ್ಕರ್ ಪಟ್ಟಿಯಲ್ಲಿ 'ರ‍್ಯಾಂಕ್' ಎರಡು ಕಡೆ ಇದೆ. ಕಣ್ಣಿಗೆ ಎರಡೂ ಒಂದೇ. ಡೂಪ್ಲಿಕೇಟ್ ತೆಗೆಯುವ ಸ್ಕ್ರಿಪ್ಟ್ ಓಡಿಸಿದರೂ ಎರಡೂ ಹಾಗೇ ಉಳಿಯುತ್ತವೆ. ಸಂಜೆಯಿಂದ ತಲೆ ಕೆಡಿಸಿಕೊಂಡು ಕೂತಿದ್ದಾಳೆ, ಪಾಪ.

"ಗುಂಪಿನಲ್ಲೇ ಕೇಳು ಮಾರಾಯ್ತಿ, ಎಲ್ಲರಿಗೂ ಉಪಯೋಗ ಆಗುತ್ತೆ" ಅಂದೆ.

"ಬೇಡ ಅಕ್ಕಾ. ಅಲ್ಲಿ ಎಲ್ಲಾ ಗೊತ್ತಿರೋರು. ಮೊದಲು ಗೂಗಲ್ ಮಾಡು ಅಂತಾರೆ."

ಈ ಮಾತು ಚುಚ್ಚಿತು. ಮೊನ್ನೆ ಗಿಟ್ ಕಾನ್‌ಫ್ಲಿಕ್ಟ್ (ಒಂದೇ ಸಾಲನ್ನು ಇಬ್ಬರು ಬೇರೆ ಬೇರೆಯಾಗಿ ತಿದ್ದಿದಾಗ ಆಗುವ ತಿಕ್ಕಾಟ) ಬಗ್ಗೆ ಕೇಳಿದ ಹುಡುಗನಿಗೂ ಹಾಗೇ ಅಂದಿದ್ದರು. ಆಮೇಲೆ ಅವನು ತುಟಿ ಬಿಚ್ಚಲಿಲ್ಲ. ಹುಡುಕುವುದಕ್ಕೆ ಏನಂತ ಟೈಪ್ ಮಾಡಬೇಕು ಅನ್ನುವುದೇ ಹೊಸಬರಿಗೆ ಗೊತ್ತಿರುವುದಿಲ್ಲ, ಅಲ್ವಾ? ಕಣ್ಣಿಗೇ ಕಾಣದ ಅಕ್ಷರವನ್ನು ಗೂಗಲ್‌ನಲ್ಲಿ ಏನಂತ ಕೇಳುವುದು?

ಉತ್ತರ ಹೇಳಲಿಲ್ಲ. ಪೈಥಾನ್‌ನಲ್ಲಿ ಎರಡೂ ಪದಗಳ ಅಕ್ಷರಗಳಿಗೆ ಯೂನಿಕೋಡ್ ಕೊಟ್ಟ ಸಂಖ್ಯೆಗಳನ್ನು, ಅಂದರೆ ಕೋಡ್ ಪಾಯಿಂಟ್‌ಗಳನ್ನು ಒಂದೊಂದಾಗಿ ಪ್ರಿಂಟ್ ಮಾಡಿ ನೋಡು ಅಂದೆ. ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ, "ಅಕ್ಕಾ! ಎರಡರಲ್ಲೂ 200ಡಿ ಅಂತ ಏನೋ ಇದೆ. ಒಂದರಲ್ಲಿ ಹಲಂತಕ್ಕಿಂತ ಮುಂಚೆ, ಇನ್ನೊಂದರಲ್ಲಿ ಆಮೇಲೆ!"

ಅದೇ ಝೀರೋ ವಿಡ್ತ್ ಜಾಯಿನರ್, ಅಗಲವೇ ಇಲ್ಲದ, ಕಣ್ಣಿಗೆ ಕಾಣದ ಅಕ್ಷರ. ಅದಿಲ್ಲದಿದ್ದರೆ ರಕಾರ ಅರ್ಕಾವತ್ತಾಗಿ 'ರ್ಯಾಂಕ್' ಆಗಿಬಿಡುತ್ತದೆ. ಯೂನಿಕೋಡ್ ಪ್ರಕಾರ ಅದು ರಕಾರದ ಬೆನ್ನಿಗೇ ಬರಬೇಕು, ಹಲಂತ ಆಮೇಲೆ. ಹಳೆಯ ಪಠ್ಯಗಳಲ್ಲಿ ಇದು ಅದಲುಬದಲಾಗಿದೆ. ಪರದೆಯ ಮೇಲೆ ವ್ಯತ್ಯಾಸ ಕಾಣುವುದಿಲ್ಲ. ಯಾಕೆಂದರೆ ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆಆಫೀಸ್ ಎಲ್ಲಕ್ಕೂ ಅಕ್ಷರ ಜೋಡಿಸಿಕೊಡುವ ಹಾರ್ಫ್‌ಬಜ್, ಕನ್ನಡಕ್ಕೆ ಮಾತ್ರ, ಹಳೆಯ ಕ್ರಮ ಕಂಡರೆ ಇವೆರಡರ ಜಾಗ ಬದಲಿಸಿಕೊಳ್ಳುತ್ತದೆ. ಯಾಕೆ ಹಾಗೆ ಅಂತ ಕೋಡಿನಲ್ಲೇ ಕಾಮೆಂಟ್ ಬರೆದಿಟ್ಟಿದ್ದಾರೆ. ಅದರ ಕೊಂಡಿ ಕಳಿಸಿದೆ.

"ಕನ್ನಡದ ಹೆಸರೇ ಇದೆ ಅಕ್ಕಾ ಇದ್ರಲ್ಲಿ!"

ಎಷ್ಟು ಖುಷಿ ಅವಳಿಗೆ. ನನಗೂ. ಯಾರೋ ಗುರುತಿಲ್ಲದವರಿಗಾಗಿ ಕಾರಣ ಬರೆದಿಟ್ಟು ಹೋಗುತ್ತಾರಲ್ಲ, ಓಪನ್ ಸೋರ್ಸ್‌ನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಇದು. ಕೋಡ್ ತೆರೆದಿಟ್ಟು, ಅದನ್ನು ಬಲ್ಲವರು ಬಾಯಿ ಮುಚ್ಚಿಕೊಂಡರೆ ಏನು ಬಂತು?

ಎನ್‌ಎಫ್‌ಸಿ ನಾರ್ಮಲೈಸ್ ಮಾಡಿದರೂ (ಬೇರೆ ಬೇರೆಯಾಗಿ ಬರೆದ ಒಂದೇ ಅಕ್ಷರವನ್ನು ಒಂದೇ ರೂಪಕ್ಕೆ ತರುವ ಯೂನಿಕೋಡ್ ವಿಧಾನ) ಇದು ಸರಿಹೋಗುವುದಿಲ್ಲ, ಸ್ಕ್ರಿಪ್ಟಿನಲ್ಲಿ ನಾವೇ ನೋಡಿಕೊಳ್ಳಬೇಕು. ಆ ಪ್ಯಾಚ್ (ಕೋಡಿನ ತಿದ್ದುಪಡಿ) ಅವಳದ್ದೇ. ರೀಡ್‌ಮಿಗೂ (ಕೋಡಿನ ಜೊತೆ ಇಡುವ ವಿವರಣೆಯ ಕಡತ) ನೀನೇ ಬರಿ ಅಂದೆ.

"ನಾನಾ? ನನಗೆ ಈಗ ತಾನೇ ಗೊತ್ತಾಗಿದ್ದು."

"ಅದಕ್ಕೇ ನೀನು ಬರೀಬೇಕು. ಎಲ್ಲಿ ಗಂಟು ಬಿತ್ತು ಅನ್ನೋದು ನಿನಗೆ ನೆನಪಿದೆ. ನಮಗೆ ಮರೆತುಹೋಗಿರುತ್ತೆ."

ಹತ್ತೂವರೆಗೆ ಗುಂಪಿನಲ್ಲಿ ಅವಳ ಪೋಸ್ಟ್ ಬಂತು. ಪ್ರಿಂಟ್ ಮಾಡಿದ್ದನ್ನೂ ಹಾಕಿದ್ದಾಳೆ. ಮೊದಲು ಬಂದ ಉತ್ತರ ಯಾರದ್ದು ಅಂತೀರಿ? ಗೂಗಲ್ ಮಾಡು ಅಂದಿದ್ದ ನಮ್ಮ ಹಿರಿಯರದ್ದೇ! "ಹಾಗಾದ್ರೆ ರ‍್ಯಾಲಿ, ರ‍್ಯಾಗಿಂಗ್ ಕೂಡ ನೋಡಬೇಕಲ್ಲಮ್ಮ, ಇದು ನನಗೆ ಗೊತ್ತೇ ಇರಲಿಲ್ಲ."

ಆ ಗಿಟ್ ಹುಡುಗ ಇನ್ನೂ ಗುಂಪು ಬಿಟ್ಟಿಲ್ಲ, ಈಗಷ್ಟೇ ನೋಡಿದೆ. ಅವನ ಪುಲ್ ರಿಕ್ವೆಸ್ಟೂ (ನನ್ನ ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಹಾಗೇ ತೆರೆದೇ ಇದೆ. ನಾಳೆ ಒಂದು ಮೆಸೇಜು ಹಾಕಬೇಕು. ಕಾನ್‌ಫ್ಲಿಕ್ಟ್ ಬಿಡಿಸೋಣ ಬಾ ಅಂತ ನೇರವಾಗಿ ಕೇಳುವುದೋ, ಇಲ್ಲ ಮೊದಲು ಸುಮ್ನೆ ಹೇಗಿದ್ದೀಯಾ ಅಂತ...