ಪೈಪ್ ಕಂಡಲ್ಲೆಲ್ಲ ಕತ್ತರಿಸಿದರೆ

ಈ ವಾರ ಕೋಡ್ ರಿವ್ಯೂನಲ್ಲಿ ನೋಡಿದ ಒಂದು ಸಾಲು ಇನ್ನೂ ತಲೆಯಿಂದ ಹೋಗಿಲ್ಲ. ಪೈಥಾನ್‌ನ ಟೈಪ್ ಹಿಂಟನ್ನು, ಅಂದರೆ ಬೆಲೆ ಯಾವ ಬಗೆಯದೆಂದು ಹೇಳುವ ಸೂಚನೆಯನ್ನು, ಸ್ಟ್ರಿಂಗಾಗಿ (ಬರೀ ಪಠ್ಯವಾಗಿ) ತೆಗೆದುಕೊಂಡು, 'ಇದು ಅಥವಾ ಅದು' ಎನ್ನುವ ಪೈಪ್ ಚಿಹ್ನೆ (|) ಇದ್ದಲ್ಲೆಲ್ಲ ಸ್ಪ್ಲಿಟ್. "ಇಂಟ್ | ಸ್ಟ್ರ್ ಬಂದ್ರೆ ಎರಡು ತುಂಡು. ಅಷ್ಟೇ ತಾನೇ ಸರ್?" ಅಂದ ಬರೆದ ಹುಡುಗ. ಹುಡುಗ ಚುರುಕು, ಟೆಸ್ಟನ್ನೂ ಬರೆದಿದ್ದ. ಬೇಸರವಾದದ್ದು ಓದದೆ ಅಪ್ರೂವ್ ಒತ್ತಿದ ಹಿರಿಯರ ಮೇಲೆ.

ಅಷ್ಟೇ ಅಲ್ಲ. ಲಿಸ್ಟ್[ಇಂಟ್ | ಸ್ಟ್ರ್] ಕೊಟ್ಟರೆ ಸಿಗುವುದು "ಲಿಸ್ಟ್[ಇಂಟ್" ಮತ್ತು "ಸ್ಟ್ರ್]". ಆವರಣಗಳನ್ನು ಎಣಿಸುತ್ತ ಹೋಗಿ, ಆಳ ಸೊನ್ನೆ ಇದ್ದಾಗ ಮಾತ್ರ ಕತ್ತರಿಸಿದರೆ ಇದು ಸರಿಹೋಗುತ್ತದೆ. ಡಿಕ್ಟ್[ಸ್ಟ್ರ್, ಇಂಟ್]ನ ಕಾಮಾಕ್ಕೂ ಅದೇ ಉಪಾಯ. ಆದರೆ ಬೆಲೆಯನ್ನೇ ನೇರವಾಗಿ ಬರೆಯುವ ಲಿಟರಲ್["]"] ಬಂದ ಕೂಡಲೇ ಎಣಿಕೆ ಕೆಡುತ್ತದೆ. ಆಗ ಕೋಟ್‌ಗಳನ್ನೂ ಗಮನಿಸಬೇಕು, ಆಮೇಲೆ ಎಸ್ಕೇಪ್‌ಗಳನ್ನೂ. ಹೀಗೆ ಒಂದೊಂದೇ ತೇಪೆ ಹಾಕುತ್ತ, ಪೈಥಾನ್‌ನಂತೆ ಕಾಣುವ ಆದರೆ ಪೈಥಾನ್ ಅಲ್ಲದ ಹೊಸ ವ್ಯಾಕರಣವೊಂದು ನಮ್ಮ ಕೈಯಿಂದಲೇ ಹುಟ್ಟುತ್ತದೆ.

ಪಠ್ಯವನ್ನೇ ಕೋಡ್ ಎಂದು ಓಡಿಸುವ ಈವ್ಯಾಲ್ ಮಾಡಿಬಿಡೋಣ ಎನ್ನುವವರಿದ್ದಾರೆ. ಪಠ್ಯ ಕಾನ್ಫಿಗ್ ಫೈಲಿನಿಂದ ಬಂದರೆ ಅದರಲ್ಲಿ ಅಡಗಿದ ಫಂಕ್ಷನ್ ಕಾಲ್ ಕೂಡ ಓಡುತ್ತದೆ. ಮೇಲಾಗಿ ಟೈಪ್‌ಗಳ ನಡುವೆ ಪೈಪ್ ಕೆಲಸ ಮಾಡುವುದು 2021ರ ಪೈಥಾನ್ 3.10ರಿಂದ ಈಚೆಗೆ, 3.9ರಲ್ಲಿ ಟೈಪ್‌ಎರರ್.

ಸರಿಯಾದ ದಾರಿ ಭಾಷೆಯಲ್ಲೇ ಇದೆ: ಎಎಸ್‌ಟಿ ಮಾಡ್ಯೂಲ್‌ನ ಪಾರ್ಸ್, ಈವ್ಯಾಲ್ ಮೋಡ್‌ನಲ್ಲಿ. ಹೆಸರು ಹಾಗಿದ್ದರೂ ಅದು ಏನನ್ನೂ ಓಡಿಸುವುದಿಲ್ಲ, ಕೋಡಿನ ರಚನೆ ತೋರಿಸುವ ನೋಡ್‌ಗಳ ಮರವನ್ನಷ್ಟೇ ಕೊಡುತ್ತದೆ. ಆ ಮರದಲ್ಲಿ ಪೈಪ್ ಎಂದರೆ ಎಡ-ಬಲ ಎರಡು ಕೊಂಬೆಯ ನೋಡ್, ಬಿಟ್‌ಆರ್ ಇರುವ ಬಿನ್‌ಆಪ್. ಮೂರು ಟೈಪ್ ಇದ್ದರೆ ಮರ ಎಡಕ್ಕೆ ವಾಲಿರುತ್ತದೆ, ಅದನ್ನು ಚಪ್ಪಟೆ ಮಾಡಿಕೊಳ್ಳಬೇಕು. ಆವರಣ ಸಬ್‌ಸ್ಕ್ರಿಪ್ಟ್ ಆಗುತ್ತದೆ, ಒಳಗೆ ಕಾಮಾ ಇದ್ದರೆ ಟ್ಯೂಪಲ್, 3.8 ಮತ್ತು ಹಿಂದಿನವುಗಳಲ್ಲಿ ಇದರ ಸುತ್ತ ಇಂಡೆಕ್ಸ್ ಎಂಬ ಹೊದಿಕೆ ಇತ್ತು. ಸ್ಟ್ರಿಂಗ್ ಕಾನ್‌ಸ್ಟಂಟ್ ಸಿಕ್ಕರೆ ಎಚ್ಚರ: ಲಿಟರಲ್ ಒಳಗೆ ಅದು ಬೆಲೆ, ಹೊರಗೆ ಇನ್ನೂ ಘೋಷಣೆಯಾಗದ ಕ್ಲಾಸಿನ ಹೆಸರು, ಅದನ್ನು ಮತ್ತೆ ಪಾರ್ಸ್ ಮಾಡಬೇಕು. ಕಾಲ್ ಸೇರಿದಂತೆ ಗೊತ್ತಿಲ್ಲದ ನೋಡ್ ಯಾವುದೇ ಬರಲಿ, ಎರರ್ ಎಸೆಯಿರಿ. ಸುಮ್ಮನೆ ಒಪ್ಪಿಕೊಳ್ಳುವ ವ್ಯಾಲಿಡೇಟರ್ (ತಪಾಸಣೆಯ ಕೋಡ್) ಇಲ್ಲದಿರುವುದೇ ವಾಸಿ.

"ಅಷ್ಟೇ ತಾನೇ" ಎಂಬ ಮಾತು ಕಾಡುವುದು ಇದಕ್ಕೇ. ಹಿಂಟ್ ಬರೆದರೂ ಪೈಥಾನ್ ತಾನಾಗಿ ತಪಾಸಣೆ ಮಾಡುವುದಿಲ್ಲ, 2015ರಲ್ಲಿ 3.5ರೊಂದಿಗೆ ಟೈಪಿಂಗ್ ಮಾಡ್ಯೂಲ್ ಬಂದಾಗಿನಿಂದಲೂ ಹಾಗೆಯೇ. ಒಂದೇ ಸಾಲನ್ನು ಟೈಪ್ ತಪಾಸಣೆಯ ಸಾಧನವಾದ ಮೈಪೈ ಓದುತ್ತದೆ, ಎಡಿಟರ್ ಓದುತ್ತದೆ, ನಮ್ಮ ಕೋಡೂ ಓದುತ್ತದೆ. ನಮ್ಮದು ಮಾತ್ರ ಬೇರೆ ಅರ್ಥ ಹಿಡಿದರೆ, ಹಿಂಟ್ ಬರೆದವರು ಯಾರನ್ನು ನಂಬಬೇಕು?

ಎರರ್ ಸಂದೇಶದಲ್ಲಿ ಜಾಗ ತೋರಿಸುವಾಗ ಇನ್ನೊಂದು ತೊಡಕಿದೆ. ಸಾಲಿನಲ್ಲಿ ತಾನು ಎಲ್ಲಿದ್ದೇನೆಂದು ನೋಡ್ ಕೊಡುವ ಕಾಲಂ ಆಫ್‌ಸೆಟ್ ಯುಟಿಎಫ್-8 ಬೈಟ್‌ಗಳ ಲೆಕ್ಕ. ಲಿಟರಲ್["ಹೌದು"] ಎಂದಿದ್ದರೆ ಆ ಪದದ 4 ಕೋಡ್‌ಪಾಯಿಂಟ್‌ಗಳಿಗೆ 12 ಬೈಟ್, ಮುಂದಿನ ಬಾಣದ ಗುರುತೆಲ್ಲ 8 ಸ್ಥಾನ ಬಲಕ್ಕೆ ಸರಿಯುತ್ತದೆ. ಸಾಲನ್ನು ಎನ್‌ಕೋಡ್ ಮಾಡಿ, ಆಫ್‌ಸೆಟ್‌ವರೆಗೆ ಕತ್ತರಿಸಿ, ಡಿಕೋಡ್ ಮಾಡಿ ಉದ್ದ ಎಣಿಸಿದರೆ ಗುರುತು ಸರಿಯಾದ ಜಾಗಕ್ಕೆ ಬರುತ್ತದೆ.