ಹತ್ತು ಸಾವಿರಕ್ಕೆ ಒಂದು ಪೌಂಡ್

"ತಿಂಗಳಿಗಾ?" ಎಂದು ಅಪ್ಪ ಕೇಳಿದರು. ಅಲ್ಲ, ವರ್ಷಕ್ಕೆ ಎಂದೆ. ಫೋನಿನ ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

ಅದು 2021. ಇಂಗ್ಲೆಂಡಿನ ದೊಡ್ಡ ಬ್ಯಾಂಕುಗಳು ಸಾಮಾನ್ಯ ಉಳಿತಾಯ ಖಾತೆಗೆ ಆಗ ಕೊಡುತ್ತಿದ್ದ ಬಡ್ಡಿ ಶೇ. 0.01. ಹತ್ತು ಸಾವಿರ ಪೌಂಡ್ ಇಟ್ಟು ಒಂದು ವರ್ಷ ಕಾದರೆ ಒಂದು ಪೌಂಡ್. ಅಪ್ಪ ಸುಮ್ನೆ ಮಾತಿಗೆ ಕೇಳಿದ್ದರು, ನಾನು ಸುಮ್ನೆ ಹೇಳಿದ್ದೆ. ಹಿಂದಿನಿಂದ ಅಮ್ಮನ ದನಿ ಬಂತು: "ಎಂತ ಮಾರಾಯ್ತಿ, ಅದು ಬ್ಯಾಂಕಾ? ನಮ್ಮ ಕಪಾಟಿನಲ್ಲೇ ಇಟ್ಟರೆ ಆಗ್ತಿತ್ತಲ್ಲ!"

ಕಾರ್ಕಳದ ನಮ್ಮ ಮನೆಯಲ್ಲಿ ಬಡ್ಡಿ ಅಂದರೆ ಊಟದ ನಡುವೆ ಬರುವ ಮಾತು. ಅಪ್ಪ ಶಾಲೆ ಮೇಷ್ಟ್ರು. ನಿವೃತ್ತಿಯಾದಾಗ ಬಂದ ಹಣವನ್ನು ನಾಲ್ಕು ಬ್ಯಾಂಕುಗಳಲ್ಲಿ ಎಫ್‌ಡಿ ಮಾಡಿದರು. ಅವರ ಹತ್ತಿರ ಒಂದು ನೋಟ್‌ಬುಕ್ ಇದೆ. ಎಫ್‌ಡಿ ನಂಬರ್, ಮೊತ್ತ, ಬಡ್ಡಿ, ವಾಯಿದೆ ಮುಗಿಯುವ ತಾರೀಕು, ಎಲ್ಲ ಗೆರೆ ಎಳೆದು ಬರೆದಿದ್ದಾರೆ. ಯಾವ ಬ್ಯಾಂಕಿನಲ್ಲಿ ಕಾಲು ಪರ್ಸೆಂಟ್ ಜಾಸ್ತಿ, ಹಿರಿಯ ನಾಗರಿಕರಿಗೆ ಇನ್ನೆಷ್ಟು ಸೇರಿಸುತ್ತಾರೆ, ಎಲ್ಲ ಅವರ ಬಾಯಲ್ಲೇ ಇರುತ್ತದೆ.

ಚಿಕ್ಕಪ್ಪನ ದಿನಸಿ ಅಂಗಡಿಗೆ ಸಂಜೆ ಪಿಗ್ಮಿಯವರು ಬರುತ್ತಿದ್ದುದೂ ನನಗೆ ಚೆನ್ನಾಗಿ ನೆನಪಿದೆ. ಪಿಗ್ಮಿ ಹುಟ್ಟಿದ್ದೇ ನಮ್ಮ ಕಡೆ, ಉಡುಪಿಯಲ್ಲಿ. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಶುರು ಮಾಡಿದ್ದು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕಿತ್ತು. ಅಂಗಡಿಯವರು, ಮೀನು ಮಾರುವವರು, ಬೀಡಿ ಕಟ್ಟುವವರು ಬ್ಯಾಂಕಿಗೆ ಹೋಗಬೇಕಾಗಿರಲಿಲ್ಲ. ಬ್ಯಾಂಕೇ ನಡೆದುಕೊಂಡು ಅವರ ಬಾಗಿಲಿಗೆ ಬರುತ್ತಿತ್ತು.

ಅಂಥ ಊರಿನಿಂದ ಬಂದ ನಾನು ಇಲ್ಲಿ ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಎಂಟು ವರ್ಷ ಕೆಲಸ ಮಾಡಿಯೂ ನನ್ನ ಖಾತೆಯ ಬಡ್ಡಿ ಎಷ್ಟೆಂದು ಒಮ್ಮೆಯೂ ನೋಡಿರಲಿಲ್ಲ. ಇದಕ್ಕೆ ಒಂದು ಕಾರಣ ಇದೆ. 2009ರ ಮಾರ್ಚಿನಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್, ಅಂದರೆ ಇಲ್ಲಿನ ರಿಸರ್ವ್ ಬ್ಯಾಂಕ್, ಉಳಿದ ಬ್ಯಾಂಕುಗಳ ಬಡ್ಡಿಗೆ ದಾರಿ ತೋರುವ ತನ್ನ ದರವನ್ನು ಶೇ. 0.5ಕ್ಕೆ ಇಳಿಸಿತು. ಆಮೇಲೆ ಹನ್ನೆರಡು ವರ್ಷ ಅದು ಶೇ. 0.75ರ ಮೇಲೆ ಹೋಗಲೇ ಇಲ್ಲ. ಕೋವಿಡ್ ಬಂದಾಗ ಶೇ. 0.1ಕ್ಕೆ ಕುಸಿಯಿತು. ನಮ್ಮ ಆಸ್ಪತ್ರೆಯ ವಾರ್ಡಿನಲ್ಲಿ ಮೂವತ್ತರ ಒಳಗಿನ ನರ್ಸುಗಳಿಗೆ ಬಡ್ಡಿ ಅಂದರೆ ಮನೆ ಸಾಲಕ್ಕೆ ಕೊಡುವುದು ಮಾತ್ರ. ಬ್ಯಾಂಕು ನಮಗೂ ಕೊಡುತ್ತದೆ ಎನ್ನುವುದನ್ನೇ ಅವರು ಕಂಡಿರಲಿಲ್ಲ. ನಾನೂ ಅವರ ಹಾಗೇ ಆಗಿಬಿಟ್ಟಿದ್ದೆ.

2021ರ ಡಿಸೆಂಬರ್ 16ರಂದು ದರ ಶೇ. 0.25ಕ್ಕೆ ಏರಿತು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಆದರೆ ಏರಿಕೆ ನಿಲ್ಲಲಿಲ್ಲ. ಒಂದಾದ ಮೇಲೊಂದರಂತೆ ಹದಿನಾಲ್ಕು ಸಲ ಏರಿಸಿ, 2023ರ ಆಗಸ್ಟಿನಲ್ಲಿ ಶೇ. 5.25ಕ್ಕೆ ತಂದು ನಿಲ್ಲಿಸಿದರು. ಉಕ್ರೇನ್ ಯುದ್ಧದಿಂದ ಗ್ಯಾಸು, ಕರೆಂಟು ಎಲ್ಲ ತುಟ್ಟಿಯಾಗಿತ್ತು. 2022ರ ಅಕ್ಟೋಬರಿನಲ್ಲಿ ಹಣದುಬ್ಬರ ಶೇ. 11.1 ಮುಟ್ಟಿತು. ಮನೆಯಲ್ಲಿ ಹೀಟರ್ ಹಾಕಲು ಗಂಟೆ ಲೆಕ್ಕ ಇಟ್ಟ ಚಳಿಗಾಲ ಅದು.

ದರ ಹೇಳುವುದು ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ. ನಮ್ಮ ಸ್ಟಾಫ್ ರೂಮಿನಲ್ಲಿ ಒಂದೇ ಸುದ್ದಿಗೆ ಬೇರೆ ಬೇರೆ ಮುಖ. ಮನೆ ಸಾಲದ ಬಡ್ಡಿ ಎರಡು ವರ್ಷಕ್ಕೆ ಬದಲಾಗದಂತೆ ಮಾಡಿಕೊಂಡಿದ್ದ ಫಿಕ್ಸೆಡ್ ಅವಧಿ ಮುಗಿಯುತ್ತಿದ್ದ ಹುಡುಗಿ ಊಟದ ಡಬ್ಬಿ ಮುಚ್ಚಿಟ್ಟು ಎದ್ದುಹೋದಳು. 2022ರ ಸೆಪ್ಟೆಂಬರಿನಲ್ಲಿ ಸರ್ಕಾರ ಸಾಲದ ಬಲದ ಮೇಲೆ ತೆರಿಗೆ ಇಳಿಸಲು ಹೊರಟ ಮಿನಿ ಬಜೆಟ್ ಆದ ಮೇಲೆ ಇಂಥ ಎರಡು ವರ್ಷದ ಫಿಕ್ಸೆಡ್ ಮನೆ ಸಾಲದ ಸರಾಸರಿ ಬಡ್ಡಿ ಶೇ. 6 ದಾಟಿತ್ತು. ಅವಳ ಕಂತು ತಿಂಗಳಿಗೆ ನಾನೂರು ಪೌಂಡ್ ಜಾಸ್ತಿಯಾಗುವುದರಲ್ಲಿತ್ತು. ಅದೇ ಸಂಜೆ ಮನೆಗೆ ಬಂದರೆ ಪಕ್ಕದ ಮನೆಯ ಅಜ್ಜಿ ಬೇಲಿಯ ಆಚೆಯಿಂದ ಕೈ ಬೀಸಿದರು. ಎಂಬತ್ತೆರಡು ವರ್ಷ, ಮನೆ ಸಾಲ ಯಾವಾಗಲೋ ತೀರಿದೆ, ಗಂಡ ಬಿಟ್ಟುಹೋದ ಉಳಿತಾಯ ಇದೆ. "ಇಷ್ಟು ವರ್ಷ ಆದ ಮೇಲೆ ನಮ್ಮಂಥವರ ಸರದಿ ಬಂತು" ಎಂದರು. ಅವರ ಸಂತೋಷವೂ ನಿಜ, ಆ ಹುಡುಗಿಯ ಸಂಕಟವೂ ನಿಜ. ಇಬ್ಬರನ್ನೂ ಕಂಡ ಆ ದಿನ ನನಗೆ ಚೆನ್ನಾಗಿ ನೆನಪಿದೆ.

ಅಜ್ಜಿಯ ಹಣ ಇರುವುದು ಬಿಲ್ಡಿಂಗ್ ಸೊಸೈಟಿಯಲ್ಲಿ. ಹೆಸರು ಕೇಳಿ ಮನೆ ಕಟ್ಟುವ ಸಂಘ ಅಂದುಕೊಳ್ಳಬೇಡಿ. ಸದಸ್ಯರೇ ಮಾಲೀಕರಾಗಿರುವ, ಠೇವಣಿ ತೆಗೆದುಕೊಂಡು ಮನೆ ಸಾಲ ಕೊಡುವ ಸಂಸ್ಥೆ ಅದು. ನಮ್ಮ ಊರಿನ ಸಹಕಾರಿ ಸೊಸೈಟಿಗೆ ಹತ್ತಿರ. ಕೆಲವು ಕಡೆ ಈಗಲೂ ಪಾಸ್‌ಬುಕ್ ಇದೆ! ಅಜ್ಜಿ ಹೊಸ ದರ ಬಂದಾಗಲೆಲ್ಲ ಕೋಟು ಹಾಕಿಕೊಂಡು ಶಾಖೆಗೆ ಹೋಗಿ "ನನ್ನ ಖಾತೆಗೆ ಈಗ ಎಷ್ಟು? ಇದಕ್ಕಿಂತ ಜಾಸ್ತಿ ಇರುವ ಖಾತೆ ಯಾವುದು?" ಎಂದು ಕೇಳುತ್ತಿದ್ದರು. ನಮ್ಮ ಅಪ್ಪನ ಹಾಗೆಯೇ ಅಲ್ವಾ ಅನ್ನಿಸಿತು.

ನಾನು ಕೇಳಿರಲಿಲ್ಲ. ದರ ಏರಿದೆ, ನನ್ನ ಖಾತೆಗೂ ತಾನಾಗಿ ಸೇರುತ್ತದೆ ಎಂದುಕೊಂಡಿದ್ದೆ. 2023ರ ಮಾರ್ಚಿನಲ್ಲಿ ಆ್ಯಪ್ ತೆರೆದು ನೋಡಿದರೆ ಬ್ಯಾಂಕ್ ಆಫ್ ಇಂಗ್ಲೆಂಡಿನ ದರ ಶೇ. 4.25, ನನ್ನ ಖಾತೆಗೆ ಶೇ. 0.65. ಅದೇ ವಾರ ಬೇರೆ ಕಡೆ, ಯಾವಾಗ ಬೇಕಾದರೂ ತೆಗೆಯಬಹುದಾದ ಖಾತೆಗೇ ಶೇ. 3ರ ಮೇಲೆ ಸಿಗುತ್ತಿತ್ತು. ನಮ್ಮ ಹದಿನಾಲ್ಕು ಸಾವಿರಕ್ಕೆ ವರ್ಷಕ್ಕೆ 91 ಪೌಂಡ್ ಎಲ್ಲಿ, 420 ಪೌಂಡ್ ಎಲ್ಲಿ! ನನಗೆ ಸಿಟ್ಟು ಬಂದದ್ದು ಇನ್ನೊಂದಕ್ಕೆ. ನನ್ನದೇ ಬ್ಯಾಂಕು ಹೊಸ ಹೆಸರಿನ ಒಂದು ಖಾತೆಗೆ ಜಾಸ್ತಿ ಬಡ್ಡಿ ಕೊಡುತ್ತಿತ್ತು. ಹಳೆಯ ಗಿರಾಕಿಯಾದ ನನಗೆ ಒಂದು ಮಾತೂ ಹೇಳಿರಲಿಲ್ಲ.

ಅದು ನನ್ನೊಬ್ಬಳ ಕತೆಯಲ್ಲ. ದರ ಏರಿದರೆ ಅದಕ್ಕೆ ಕಟ್ಟಿದ ಸಾಲದ ಕಂತು ಬೇಗನೆ ಏರುತ್ತದೆ, ಠೇವಣಿಯ ಬಡ್ಡಿ ಮಾತ್ರ ತೆವಳುತ್ತದೆ. ಜನ ಖಾತೆ ಬದಲಿಸುವುದಿಲ್ಲ ಎನ್ನುವುದು ಬ್ಯಾಂಕಿಗೆ ಗೊತ್ತು. 2023ರಲ್ಲಿ ಸಂಸತ್ತಿನ ಖಜಾನೆ ಸಮಿತಿ ದೊಡ್ಡ ಬ್ಯಾಂಕುಗಳನ್ನು ಇದೇ ವಿಷಯಕ್ಕೆ ತರಾಟೆಗೆ ತೆಗೆದುಕೊಂಡಿತು. ಜುಲೈ ಕೊನೆಗೆ ನಿಯಂತ್ರಣ ಸಂಸ್ಥೆ ಎಫ್‌ಸಿಎ ಹದಿನಾಲ್ಕು ಅಂಶಗಳ ಯೋಜನೆ ಹೊರಡಿಸಿ, ಉಳಿತಾಯಗಾರರಿಗೆ ನ್ಯಾಯವಾದ ದರ ಕೊಡಿ, ಒಳ್ಳೆಯ ಖಾತೆ ಇದ್ದರೆ ಅವರಿಗೆ ತಿಳಿಸಿ ಎಂದು ಒತ್ತಾಯಿಸಿತು. ಅಷ್ಟು ಹೊತ್ತಿಗೆ ದರ ಹದಿಮೂರು ಸಲ ಏರಿಯಾಗಿತ್ತು.

ಮಾರ್ಚಿನ ಆ ರಾತ್ರಿ ನಾನೂ ನಮ್ಮವರೂ ಅಡುಗೆಮನೆಯ ಮೇಜಿನ ಮುಂದೆ ಕೂತೆವು. ಹೊಸ ಖಾತೆ ತೆರೆಯಲು ಹಿಡಿದದ್ದು ಇಪ್ಪತ್ತು ನಿಮಿಷ. ಇಪ್ಪತ್ತು ನಿಮಿಷದ ಕೆಲಸವನ್ನು ಒಂದು ವರ್ಷಕ್ಕಿಂತ ಹೆಚ್ಚು ಮುಂದೆ ಹಾಕಿದ್ದೆವು.

ಆಮೇಲೆ ಕಲಿತದ್ದು ಬಹಳ. ಫಸ್ಟ್ ಡೈರೆಕ್ಟ್ ಎಂಬ ಬ್ಯಾಂಕಿನಲ್ಲಿ ಶೇ. 7ರ ರೆಗ್ಯುಲರ್ ಸೇವರ್ ಇತ್ತು. ತಿಂಗಳಿಗೆ ಹೆಚ್ಚೆಂದರೆ 300 ಪೌಂಡ್, ಒಂದು ವರ್ಷ. ಒಟ್ಟು 3600ಕ್ಕೆ ಶೇ. 7 ಅಂದರೆ 252 ಬರಬೇಕು ಎಂದು ನಮ್ಮವರು ಲೆಕ್ಕ ಹಾಕಿದರು. ಅಪ್ಪ ಫೋನಿನಲ್ಲೇ ತಿದ್ದಿದರು: "ಇದು ನಮ್ಮ ಆರ್‌ಡಿ. ಮೊದಲನೇ ಕಂತು ಹನ್ನೆರಡು ತಿಂಗಳು ದುಡಿಯುತ್ತದೆ, ಕೊನೆಯದು ಒಂದೇ ತಿಂಗಳು. 136 ಬಂದೀತು." ಅಷ್ಟೇ ಬಂತು.

ಇಲ್ಲಿ ಎಫ್‌ಡಿಗೆ ಫಿಕ್ಸೆಡ್ ರೇಟ್ ಬಾಂಡ್ ಎನ್ನುತ್ತಾರೆ. ಒಂದು ವ್ಯತ್ಯಾಸವನ್ನು ಹೊಸದಾಗಿ ಬರುವವರು ತಿಳಿದಿರಲೇಬೇಕು. ಊರಲ್ಲಿ ಎಫ್‌ಡಿ ಮುರಿಯಬಹುದು, ಬಡ್ಡಿ ಸ್ವಲ್ಪ ಕಡಿಮೆಯಾಗುತ್ತದೆ ಅಷ್ಟೆ. ಇಲ್ಲಿ ಸಾಮಾನ್ಯವಾಗಿ ಅವಧಿ ಮುಗಿಯುವವರೆಗೆ ಮುಟ್ಟುವ ಹಾಗಿಲ್ಲ. ನಮ್ಮ ಸ್ನೇಹಿತರೊಬ್ಬರು ಶೇ. 5ರ ಆಸೆಗೆ ಇದ್ದುದನ್ನೆಲ್ಲ ಎರಡು ವರ್ಷಕ್ಕೆ ಕಟ್ಟಿಹಾಕಿದರು. ಮೂರೇ ತಿಂಗಳಿಗೆ ದಾವಣಗೆರೆಯಿಂದ ತಾಯಿಗೆ ಹುಷಾರಿಲ್ಲ ಎಂದು ಫೋನ್ ಬಂತು. ಅವತ್ತಿನ ಟಿಕೆಟ್ಟಿಗೆ ಕ್ರೆಡಿಟ್ ಕಾರ್ಡೇ ಗತಿಯಾಯಿತು. ದೂರದಲ್ಲಿರುವ ನಾವು ಊರಿಗೆ ಓಡುವ ಹಣವನ್ನು ಯಾವ ಬಡ್ಡಿಗೂ ಕಟ್ಟಿಹಾಕಬಾರದು. ಇದನ್ನು ನಾನು ಸಿಕ್ಕಿದವರಿಗೆಲ್ಲ ಹೇಳುತ್ತೇನೆ.

2023ರ ಆಗಸ್ಟ್ 30ರಂದು ಸರ್ಕಾರಿ ಉಳಿತಾಯ ಸಂಸ್ಥೆ ಎನ್‌ಎಸ್‌ಅಂಡ್‌ಐ ಒಂದು ವರ್ಷದ ಬಾಂಡಿಗೆ ಶೇ. 6.2 ಘೋಷಿಸಿತು. ನಮ್ಮ ಅಂಚೆ ಕಚೇರಿ ಉಳಿತಾಯದ ಹಾಗೆ, ಇಟ್ಟ ಪೂರ್ತಿ ಹಣಕ್ಕೆ ಸರ್ಕಾರದ ಖಾತರಿ. ಜನ ಮುಗಿಬಿದ್ದರು. ಅಜ್ಜಿ ನನ್ನನ್ನು ಚಹಾಕ್ಕೆ ಕರೆದರು, ಲ್ಯಾಪ್‌ಟಾಪ್ ತರಲು ಹೇಳಿದರು. ಒಂದೊಂದು ಸಾಲನ್ನೂ ಭೂತಗನ್ನಡಿ ಹಿಡಿದು ಓದಿ, ಆಮೇಲೇ ಒತ್ತಿದರು. ಅಕ್ಟೋಬರ್ ಮೊದಲ ವಾರದಲ್ಲಿ ಅದನ್ನು ನಿಲ್ಲಿಸಿಬಿಟ್ಟರು. "ನೋಡಿದೆಯಾ, ಸಿಕ್ಕಿತು ನಮಗೆ" ಎಂದು ಅಜ್ಜಿ ಒಂದು ವಾರ ಹೇಳಿದರು.

ನಮ್ಮ ಮನೆ ಸಾಲದ ಬಡ್ಡಿ 2019ರಲ್ಲಿ ಐದು ವರ್ಷಕ್ಕೆ ಶೇ. 2ರ ಹತ್ತಿರ ಫಿಕ್ಸ್ ಆಗಿತ್ತು. ಕೈಯಲ್ಲಿರುವ ಹಣ ಸಾಲಕ್ಕೆ ಹಾಕೋಣ ಎಂದು ನಮ್ಮವರ ಮನಸ್ಸು. ಸಾಲ ಅಂದರೆ ನಮ್ಮವರಿಗೆ ಮೈಮೇಲೆ ಭಾರ ಹೊತ್ತ ಹಾಗೆ. ಆದರೆ ಶೇ. 2ರ ಸಾಲ ತೀರಿಸಲು ಶೇ. 5 ಗಳಿಸುವ ಹಣ ತೆಗೆಯುವುದು ಯಾಕೆ? 2024ರ ಕೊನೆಗೆ ಆ ದರ ಮುಗಿದು ಶೇ. 4.5 ಆದಾಗ ಉಳಿತಾಯದ ಒಂದು ಭಾಗವನ್ನು ಸಾಲಕ್ಕೆ ಹಾಕಿದೆವು. ಅವತ್ತು ರಾತ್ರಿ ನಮ್ಮವರು ಚೆನ್ನಾಗಿ ನಿದ್ದೆ ಮಾಡಿದರು.

ಇನ್ನು ಕನ್ನಡದವರು ಸೇರಿದಲ್ಲೆಲ್ಲ ಬರುವ ಮಾತು ಎನ್‌ಆರ್‌ಇ ಎಫ್‌ಡಿ, ಅಂದರೆ ಹೊರದೇಶದಲ್ಲಿರುವವರು ಅಲ್ಲಿನ ಗಳಿಕೆಯನ್ನು ಭಾರತದ ಬ್ಯಾಂಕಿನಲ್ಲಿ ರೂಪಾಯಿಯಲ್ಲಿ ಇಡುವ ಠೇವಣಿ. ರಿಸರ್ವ್ ಬ್ಯಾಂಕ್ ಕೂಡ 2022ರ ಮೇಯಿಂದ 2023ರ ಫೆಬ್ರವರಿಯೊಳಗೆ ಬ್ಯಾಂಕುಗಳಿಗೆ ತಾನು ಸಾಲ ಕೊಡುವ ರೆಪೊ ದರವನ್ನು ಶೇ. 4ರಿಂದ 6.5ಕ್ಕೆ ಏರಿಸಿತ್ತು. "ಅಲ್ಲಿ ಏಳು, ಇಲ್ಲಿ ಐದು, ಅಲ್ಲೇ ಹಾಕು" ಎಂದು ಯುಗಾದಿ ಊಟದಲ್ಲಿ ಎಲ್ಲರೂ ಹೇಳಿದರು. ನಾವೂ ಸ್ವಲ್ಪ ಹಾಕಿದೆವು. ಆದರೆ 2023ರ ಆರಂಭದಲ್ಲಿ ಒಂದು ಪೌಂಡಿಗೆ ಸುಮಾರು 100 ರೂಪಾಯಿ ಇತ್ತು, 2025ರ ಮಧ್ಯದಲ್ಲಿ 115 ದಾಟಿತ್ತು. ಊರಲ್ಲೇ ಖರ್ಚು ಮಾಡುವ ಹಣವಾದರೆ ತೊಂದರೆಯಿಲ್ಲ. ಮರಳಿ ಪೌಂಡ್ ಮಾಡುವುದಾದರೆ ಬಡ್ಡಿಯ ಬಹುಪಾಲು ಅಲ್ಲೇ ಕರಗುತ್ತದೆ.

ತೆರಿಗೆಯ ಮಾತು ಇದಕ್ಕಿಂತ ಮುಖ್ಯ. ಎನ್‌ಆರ್‌ಇ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ. ಇಲ್ಲಿ ನೆಲೆಸಿದವರಿಗೆ ಸಾಮಾನ್ಯವಾಗಿ ಇಲ್ಲಿ ಇದೆ. ಎಷ್ಟೋ ಜನ "ಟ್ಯಾಕ್ಸ್ ಫ್ರೀ" ಎಂಬ ಎರಡು ಪದ ನಂಬಿ ಕೂತಿದ್ದಾರೆ. ಎರಡೂ ದೇಶಗಳು ಖಾತೆಗಳ ಮಾಹಿತಿ ಹಂಚಿಕೊಳ್ಳುತ್ತವೆ. ಪರಿಚಯದ ಒಬ್ಬರಿಗೆ ತೆರಿಗೆ ಇಲಾಖೆಯ ಪತ್ರ ಬಂದಾಗ ಅವರು ಮೂರು ವರ್ಷದ ಲೆಕ್ಕ ಹುಡುಕಬೇಕಾಯಿತು. ಇಲ್ಲಿ ಸಾಮಾನ್ಯ ತೆರಿಗೆದಾರರಿಗೆ ವರ್ಷಕ್ಕೆ 1000 ಪೌಂಡ್ ಬಡ್ಡಿಯವರೆಗೆ ತೆರಿಗೆ ಇಲ್ಲ, ಹೆಚ್ಚಿನ ದರದಲ್ಲಿ ತೆರಿಗೆ ಕಟ್ಟುವವರಿಗೆ ಈ ಮಿತಿ 500. ಬಡ್ಡಿ ಶೇ. 0.01 ಇದ್ದಾಗ ಯಾರಿಗೂ ಇದರ ಚಿಂತೆ ಇರಲಿಲ್ಲ. ಶೇ. 5 ಆದಾಗ ಹೆಚ್ಚಿನ ದರದವರಿಗೆ ಹತ್ತು ಸಾವಿರ ಇಟ್ಟರೂ ಆ ಮಿತಿ ತುಂಬಿತು. ಅದಕ್ಕೇ ಜನ ಐಎಸ್‌ಎ ಎಂಬ ಉಳಿತಾಯ ಖಾತೆಯ ಕಡೆ ತಿರುಗಿದರು. ಅದರಲ್ಲಿ ವರ್ಷಕ್ಕೆ 20,000 ಪೌಂಡಿನವರೆಗೆ ಹಾಕಬಹುದು, ಬಡ್ಡಿಗೆ ತೆರಿಗೆ ಇಲ್ಲ.

ಬ್ಯಾಂಕ್ ಆಫ್ ಇಂಗ್ಲೆಂಡಿನ ದರ 2024ರ ಆಗಸ್ಟಿನಿಂದ ಇಳಿಯತೊಡಗಿತು. ಒಂದು ವರ್ಷದಲ್ಲಿ ಶೇ. 4ಕ್ಕೆ ಬಂತು. ಇಳಿಯುವಾಗ ಬ್ಯಾಂಕಿನ ಇಮೇಲ್ ಬೇಗ ಬರುತ್ತದೆ. ನಮ್ಮ ಮೊದಲ ಬಾಂಡ್ ಮುಗಿಯುವ ಎರಡು ವಾರ ಮುಂಚೆಯೂ ಒಂದು ಪತ್ರ ಬಂದಿತ್ತು. ನೀವು ಏನೂ ಹೇಳದಿದ್ದರೆ ಹಣವನ್ನು ಇಂಥ ಖಾತೆಗೆ ಹಾಕುತ್ತೇವೆ ಎಂದು. ಆ ಖಾತೆಯ ಬಡ್ಡಿ ನೋಡಿ ಅವತ್ತೇ ಬೇರೆ ಕಡೆ ಸಾಗಿಸಿದೆವು.

ಆ ಭಾನುವಾರ ಅಪ್ಪನಿಗೆ ಫೋನ್ ಮಾಡಿ ಬಂದ ಬಡ್ಡಿಯನ್ನು ಹೇಳಿದೆ. ಸಂತೋಷಪಟ್ಟರು. ಆಮೇಲೆ ಕೇಳಿದರು: "ಟಿಡಿಎಸ್ ಎಷ್ಟು ಹಿಡಿದರು?"

"ಇಲ್ಲಿ ಬ್ಯಾಂಕು ತೆರಿಗೆ ಹಿಡಿಯುವುದಿಲ್ಲ ಅಪ್ಪ. ಮಿತಿ ದಾಟಿದರೆ ಕೊಡುವ ಜವಾಬ್ದಾರಿ ನಮ್ಮದೇ."

"ಹಾಗಾದರೆ ಎಲ್ಲಿ ಬರೆದಿಟ್ಟಿದ್ದಿ?"

ಫೋನಿನಲ್ಲಿ ಇದೆ ಎಂದೆ. ಅವರಿಗೆ ಸಮಾಧಾನವಾಗಲಿಲ್ಲ. ಮುಂದಿನ ತಿಂಗಳು ಊರಿನಿಂದ ಬಂದವರ ಕೈಯಲ್ಲಿ ಹಪ್ಪಳ, ಸಾರಿನ ಪುಡಿಯ ಜೊತೆ ಒಂದು ಹೊಸ ನೋಟ್‌ಬುಕ್ ಕಳಿಸಿದ್ದರು. ಮೊದಲ ಪುಟದಲ್ಲಿ ಅವರೇ ಸ್ಕೇಲ್ ಇಟ್ಟು ಗೆರೆ ಎಳೆದು, ಮೇಲೆ ನಾಲ್ಕು ತಲೆಬರಹ ಬರೆದಿದ್ದರು. ಕೊನೆಯದು, ವಾಯಿದೆ ಮುಗಿಯುವ ತಾರೀಕು. ಅದರ ಅಡಿಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ.