ಬಳ್ಳಿಗಾವಿಗೆ ಯುಕನ್ಸೋಲ್ (ಕೈಯಲ್ಲಿ ಹಿಡಿಯುವ ಲಿನಕ್ಸ್ ಕಂಪ್ಯೂಟರ್) ಮತ್ತು ಕಿರು ಪ್ರಿಂಟರ್ ಒಯ್ಯುವವರಿಗೆ

ಶಿವಮೊಗ್ಗದಿಂದ ಶಿಕಾರಿಪುರ, ಶಿರಾಳಕೊಪ್ಪದ ಮೇಲೆ ಬಳ್ಳಿಗಾವಿ, ಪಕ್ಕದಲ್ಲೇ ತಾಳಗುಂದ, ಆಮೇಲೆ ಬನವಾಸಿ. ಎರಡು ದಿನ ಸಾಕು. ಶಾಸನ, ವೀರಗಲ್ಲುಗಳ ಫೋಟೊ ತೆಗೆಯುವವರ ಫಜೀತಿ ಶುರುವಾಗುವುದು ಸಂಜೆ ಲಾಡ್ಜಿನಲ್ಲಿ: ಯಾವ ಫೋಟೊ ಯಾವ ಕಲ್ಲಿನದು? ಸ್ಥಳದಲ್ಲೇ ಕಲ್ಲಿನ ನಂಬರು, ಜಾಗ, ತಾರೀಕು ಇರುವ ಚೀಟಿ ಮುದ್ರಿಸಿ ಕಲ್ಲಿನ ಬುಡದಲ್ಲಿಟ್ಟು ಫೋಟೊ ತೆಗೆದರೆ ಈ ಗೊಂದಲವಿಲ್ಲ. ಕಲ್ಲಿಗೆ ಮಾತ್ರ ಅಂಟಿಸಬೇಡಿ.

ಸಿಎಂ4 (ರಾಸ್ಪ್‌ಬೆರಿ ಪೈನ ಪುಟ್ಟ ಕಂಪ್ಯೂಟರ್ ಬೋರ್ಡು) ಹಾಕಿದ ಯುಕನ್ಸೋಲ್, ಬ್ಯಾಟರಿ ಇರುವ 58 ಮಿ.ಮೀ. ಥರ್ಮಲ್ (ಶಾಯಿಯಿಲ್ಲದೆ ಬಿಸಿಯಿಂದ ಮುದ್ರಿಸುವ) ಪ್ರಿಂಟರ್, ಯುಎಸ್‌ಬಿ ಜಿಪಿಎಸ್, ಚಿಕ್ಕ ಹಬ್, 2 ರೋಲು. ಇಷ್ಟೇ ಸಾಮಾನು. ಕೇಬಲ್ ಒಂದು ಕಡೆ ಯುಎಸ್‌ಬಿ-ಎ, ಇನ್ನೊಂದು ಕಡೆ ಯುಎಸ್‌ಬಿ-ಸಿ ಇರಲಿ. ಅಗ್ಗದ ಪ್ರಿಂಟರುಗಳ ಸಿ ಪೋರ್ಟಿನಲ್ಲಿ ಎಷ್ಟೋ ಸಲ, ಕರೆಂಟು ಬೇಕೆಂದು ಎದುರು ಬದಿಗೆ ತಿಳಿಸುವ 5.1 ಕಿಲೋಓಮ್ ರೆಸಿಸ್ಟರ್ ಇರುವುದಿಲ್ಲ. ಎರಡೂ ಕಡೆ ಸಿ ಇರುವ ಕೇಬಲ್ಲಿಗೆ ಅವು ಚಾರ್ಜೂ ಆಗುವುದಿಲ್ಲ.

ಪ್ರಿಂಟರನ್ನು ರಾತ್ರಿಯೇ ಪೂರ್ತಿ ಚಾರ್ಜ್ ಮಾಡಿ. ಅರೆಖಾಲಿ ಪ್ರಿಂಟರ್ ಹಬ್ಬಿಗೆ ಸಿಕ್ಕಿಸಿದ ಕೂಡಲೇ ಅಲ್ಲಿಂದಲೇ ಕರೆಂಟು ಎಳೆಯತೊಡಗುತ್ತದೆ, ವೋಲ್ಟೇಜ್ ಕುಸಿದು ಜಿಪಿಎಸ್ ಮಾಯವಾಗುತ್ತದೆ. ಜನ ಬೈಯುವುದು ಜಿಪಿಎಸ್ಸನ್ನು.

ಸಿಕ್ಕಿಸಿದ ಮೇಲೆ ಟರ್ಮಿನಲ್ಲಿನಲ್ಲಿ, ಸಿಕ್ಕಿಸಿದ ಸಾಧನಗಳ ಪಟ್ಟಿ ತೋರಿಸುವ ‘ಎಲ್‌ಎಸ್‌ಯುಎಸ್‌ಬಿ’ (lsusb) ಕಮಾಂಡ್ ಕೊಡಿ. ಪಟ್ಟಿಯಲ್ಲಿ ಪ್ರಿಂಟರ್ ಕಾಣದಿದ್ದರೆ ಕೇಬಲ್ ಬರೀ ಚಾರ್ಜಿಂಗಿನದೇ ಎಂದು ಮೊದಲು ನೋಡಿ. ಕಂಡೂ ‘ಪರ್ಮಿಷನ್ ಡಿನೈಡ್’ ಬಂದರೆ ನಿಮ್ಮ ಯೂಸರನ್ನು ‘ಎಲ್‌ಪಿ’ (lp) ಗುಂಪಿಗೆ ಸೇರಿಸಿ, ಲಾಗೌಟ್ ಆಗಿ ಮತ್ತೆ ಬನ್ನಿ. ‘ಎಲ್‌ಪಿ ಅಡ್ಮಿನ್’ (lpadmin) ಬೇರೆ ಗುಂಪು, ಅದರಲ್ಲಿದ್ದರೆ ಪ್ರಯೋಜನವಿಲ್ಲ.

ನಿಜವಾದ ಕೆಲಸ ಕನ್ನಡದ್ದು. ಈ ಪ್ರಿಂಟರುಗಳಿಗೆ ಕನ್ನಡ ಅಕ್ಷರ ಗೊತ್ತಿಲ್ಲ, ಚಿತ್ರ ಮಾಡಿಯೇ ಕಳಿಸಬೇಕು. ಮುದ್ರಣದ ಅಗಲ 48 ಮಿ.ಮೀ., ಅಂದರೆ 384 ಚುಕ್ಕಿ. ಎಂಟು ಚುಕ್ಕಿಗೆ ಒಂದು ಬೈಟ್, ಹಾಗಾಗಿ ಒಂದು ಸಾಲಿಗೆ 48 ಬೈಟ್. ಪೈಥಾನಿನ ಪಿಲ್ಲೋ (ಚಿತ್ರ ಮಾಡುವ ಲೈಬ್ರರಿ) ಬಳಸಿ ಚಿತ್ರ ಮಾಡುವುದಾದರೆ ಒತ್ತಕ್ಷರ ಸರಿಯಾಗಿ ಜೋಡಿಸುವ ರಾಕಂ (Raqm) ಲೈಬ್ರರಿ ಇರಲೇಬೇಕು. ಇಲ್ಲದಿದ್ದರೆ ‘ಬಳ್ಳಿಗಾವಿ’ ಹೋಗಿ ‘ಬಳ್‌ಳಿಗಾವಿ’ ಆಗುತ್ತದೆ. ಇದನ್ನು ಮನೆಯಲ್ಲಿ ನೆಟ್ ಇರುವಾಗಲೇ ಹಾಕಿಕೊಂಡು ಒಂದು ಚೀಟಿ ಮುದ್ರಿಸಿ ನೋಡಿ.

ಮೊದಲು 27, 64 ಎಂಬ ಎರಡು ಬೈಟ್ ಕಳಿಸಿದರೆ ಪ್ರಿಂಟರ್ ರೀಸೆಟ್. ನಂತರ 29, 118, 48, 0, 48, 0, 120, 0, ಅದರ ಬೆನ್ನಿಗೇ 120 ಸಾಲಿನ ಚಿತ್ರ, ಒಟ್ಟು 5,760 ಬೈಟ್. ಕಾಗದದ ಮೇಲೆ ಅದು 15 ಮಿ.ಮೀ. ಇಂಥ ಎರಡು ತುಂಡು ಸೇರಿದರೆ ಒಂದು ಚೀಟಿ. ಇಡೀ ಚಿತ್ರವನ್ನು ಒಮ್ಮೆಗೇ ತಳ್ಳಿದರೆ ಕೆಲವು ಪ್ರಿಂಟರುಗಳ ಬಫರ್ ತುಂಬಿ ಬೈಟುಗಳು ಕಳೆದುಹೋಗುತ್ತವೆ, ಲೆಕ್ಕ ತಪ್ಪಿ ಉಳಿದ ಚಿತ್ರವೆಲ್ಲ ಚೀನೀ ಅಕ್ಷರಗಳಾಗಿ ಸುರಿಯುತ್ತದೆ. ಕಾಗದ ಹರಿದುಕೊಳ್ಳಲು ಬಿಡುವ ಜಾಗವನ್ನೂ ಸೇರಿಸಿದರೆ ಚೀಟಿಗೆ ಸುಮಾರು 40 ಮಿ.ಮೀ., ಮೀಟರಿಗೆ 25 ಚೀಟಿ.

ಖಾಲಿ ಕಾಗದ ಹೊರಬಂದರೆ ರೋಲು ತಿರುಗುಮುರುಗಾಗಿದೆ. ಉಗುರಿನಿಂದ ಗೀಚಿ, ಕಪ್ಪಾಗುವ ಬದಿ ಮುದ್ರಿಸುವ ಹೆಡ್ಡಿನ ಕಡೆಗಿರಬೇಕು.

ಸಿಎಂ4ಗೆ ತನ್ನದೇ ಗಡಿಯಾರವಿಲ್ಲ. ನೆಟ್ ಸಿಗದ ಕಡೆ ಆನ್ ಮಾಡಿದರೆ ಚೀಟಿಯ ಮೇಲೆ ಹಳೆಯ ತಾರೀಕು ಬೀಳಬಹುದು. ಬೆಳಿಗ್ಗೆ ಒಮ್ಮೆ ನೋಡಿ ಸರಿಮಾಡಿಕೊಳ್ಳಿ. ಜಿಪಿಎಸ್‌ಗೆ ಬಯಲು ಬೇಕು, ಗುಡಿಯೊಳಗೆ ನೆಚ್ಚಬೇಡಿ. ತಾಳಗುಂದದ ಕಂಬದ ಶಾಸನ ಹೊರಗಿದೆ, ಅಲ್ಲಿ ಸಲೀಸು.

ಚೀಟಿಗಳನ್ನು ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಬಿಡಬೇಡಿ, ಪ್ಲಾಸ್ಟಿಕ್ ಕವರಿಗೂ ಹಾಕಬೇಡಿ, ಅಕ್ಷರ ಮಾಸುತ್ತದೆ. ಕಲ್ಲಿನ ನಂಬರನ್ನು ಚೀಟಿಯ ಹಿಂದೆ ಪೆನ್ಸಿಲ್ಲಿನಲ್ಲೂ ಬರೆದಿಡಿ.